ಮಹಡಿ ಮನೆಯ ಗ್ಯಾಸ್

ಮರದ ಹೊಟ್ಟು ಒಳಗೊಳಗೇ ಉರಿಯುವಾಗ ಬರುವ ವಾಸನೆಯನ್ನು ಸತ್ಯಭಾಮಾ ಎಪ್ಪತ್ತೆರಡನೆಯ ವಯಸ್ಸಿನಲ್ಲೂ ಮರೆತಿರಲಿಲ್ಲ. ಚಾಮರಾಜಪೇಟೆಯ ತವರುಮನೆಯಲ್ಲಿ ಹೊಟ್ಟಿನ ಒಲೆಯಿತ್ತು. ಸಾಮಿಲ್ಲಿನಿಂದ ಗೋಣಿಚೀಲದಲ್ಲಿ ಬರುತ್ತಿದ್ದ ಹೊಟ್ಟನ್ನು ಅಮ್ಮ ತಗಡಿನ ಒಲೆಗೆ ಸುರಿದು, ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತಲೂ ಗಟ್ಟಿಯಾಗಿ ಅದುಮಿ, ಆಮೇಲೆ ಬಾಟಲಿಯನ್ನು ಮೆಲ್ಲಗೆ ತಿರುಗಿಸುತ್ತಾ ಮೇಲಕ್ಕೆ ಎಳೆಯುತ್ತಿದ್ದಳು. ಮಳೆಗಾಲದಲ್ಲಿ ಹೊಟ್ಟು ತೇವವಾದರೆ ಹೊಗೆ ಹುಳಿ ವಾಸನೆ ಹೊಡೆಯುತ್ತಿತ್ತು. ಅದು ಸ್ಕೂಲಿನ ಲಂಗಕ್ಕೆ, ಜಡೆಗೆ, ಪುಸ್ತಕದ ಹಾಳೆಗಳಿಗೂ ಹತ್ತಿಕೊಂಡು, ಸತ್ಯ ಬಂದಿದ್ದು ಮೂಗಿಗೇ ಗೊತ್ತಾಗುತ್ತೆ ಎಂದು ಪಕ್ಕದ ಬೆಂಚಿನ ಹುಡುಗಿಯರು ಕಿಚಾಯಿಸುತ್ತಿದ್ದರು. ಗ್ಯಾಸ್ ಬಂದ ದಿನ ಅಮ್ಮ ಹೊಸ ಒಲೆಯ ಮುಂದೆ ನಿಂತು, ಅಭ್ಯಾಸಬಲದಿಂದ ಕಣ್ಣೊರೆಸಿಕೊಳ್ಳಲು ಸೆರಗು ಎತ್ತಿ, ಒರೆಸುವುದಕ್ಕೆ ಏನೂ ಇಲ್ಲವೆಂದು ತಿಳಿದು ಒಬ್ಬಳೇ ನಕ್ಕಿದ್ದಳು.

ಆ ವಾಸನೆ ಈ ವರ್ಷದ ಶ್ರಾವಣದಲ್ಲಿ ಜಯನಗರದ ಮನೆಯ ಅಡುಗೆಕೋಣೆಗೆ ಮತ್ತೆ ಬಂತು. ತಂದವಳು ಮಂಗಮ್ಮ. ಇಪ್ಪತ್ತೆರಡು ವರ್ಷಗಳಿಂದ ಆ ಮನೆಯ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದವಳು. ಅವಳ ಸೀರೆಯಿಂದ ಬಂದದ್ದು ಪೂರಾ ಹಳೆಯ ವಾಸನೆಯೇ ಆಗಿರಲಿಲ್ಲ. ಅದರಲ್ಲಿ ಬಣ್ಣ ಸುಟ್ಟಂಥ ಇನ್ನೊಂದು ಘಾಟು ಬೆರೆತಿತ್ತು. ಸತ್ಯಭಾಮಾ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಯಾವುದು ಉರಿದರೆ ಏನು ಹುಟ್ಟುತ್ತದೆಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದರೋ ಲೆಕ್ಕವಿಲ್ಲ. ಏನು ಉರಿಸುತ್ತಿದ್ದೀ ಎಂದು ಕೇಳಿದರು.

ಮಂಗಮ್ಮ ಮೊದಲು ಮಾತು ಹಾರಿಸಿದಳು. ಆಮೇಲೆ ಹೇಳಿದಳು. ಸಾರಕ್ಕಿಯಲ್ಲಿ ಅವಳಿದ್ದದ್ದು ಬೈರಣ್ಣನವರ ವಠಾರದ ಶೀಟಿನ ಮನೆಯಲ್ಲಿ. ಇಷ್ಟು ದಿನ ಚಿಕ್ಕ ಸಿಲಿಂಡರಿಗೆ ಅಂಗಡಿಯೊಂದರಲ್ಲಿ ಕದ್ದುಮುಚ್ಚಿ ಗ್ಯಾಸ್ ತುಂಬಿಸಿಕೊಳ್ಳುತ್ತಿದ್ದಳು. ಎಲ್ಲೋ ಒಂದು ಕಡೆ ಸಿಲಿಂಡರ್ ಸಿಡಿದ ಮೇಲೆ ಪೊಲೀಸರು ಬಂದು ಅಂಥ ಅಂಗಡಿಗಳನ್ನೆಲ್ಲ ಮುಚ್ಚಿಸಿದ್ದರು. ಈಗ ಅಪಾರ್ಟ್‌ಮೆಂಟ್ ಕಟ್ಟುವುದಕ್ಕೆ ಕೆಡವಿದ ಹಳೆಯ ಮನೆಗಳ ಕಿಟಕಿ ಬಾಗಿಲಿನ ತುಂಡುಗಳನ್ನು ಆರಿಸಿ ತಂದು ಮೂರು ಕಲ್ಲಿನ ಮೇಲೆ ಅಡುಗೆ. ನಾಲ್ಕು ಕೋಟು ಬಣ್ಣ ಬಳಿದ ಮರ.

ತನಗಾದರೆ ಪರವಾಗಿಲ್ಲ ಎಂದಳು ಮಂಗಮ್ಮ. ಚಿಂತೆಯಿದ್ದದ್ದು ಮಗಳದು. ಶ್ವೇತ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸದಲ್ಲಿದ್ದಳು. ಆರು ತಿಂಗಳ ಬಸುರಿ. ಚಿಕ್ಕಂದಿನಿಂದ ಉಬ್ಬಸ. ಬಸುರಾದ ಮೇಲೆ ಅದು ಹೆಚ್ಚಾಗಿ ಎರಡು ಸಲ ಆಸ್ಪತ್ರೆಗೆ ಸೇರಿಸಬೇಕಾಗಿತ್ತು. ಡಾಕ್ಟರು ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು, ಹೆರಿಗೆಯಾಗಿ ಮಗುವಿಗೆ ಆರು ತಿಂಗಳು ತುಂಬುವವರೆಗೆ ಹೊಗೆಯಿರುವ ಮನೆಗೆ ಈ ಹುಡುಗಿ ಕಾಲಿಡಕೂಡದು ಎಂದು ಹೇಳಿ ಕಳಿಸಿದ್ದರು. ಚೊಚ್ಚಲ ಬಾಣಂತನ ತವರಿನದು. ಒಂಬತ್ತಕ್ಕೆ ಬಿದ್ದ ಕೂಡಲೇ ಕರೆದುಕೊಂಡು ಬರುತ್ತೇನೆಂದು ಮಂಗಮ್ಮ ಬೀಗಿತ್ತಿಗೆ ಮಾತು ಕೊಟ್ಟಿದ್ದಳು.

"ನಂಗೆ ಹೆರಿಗೆ ಆದಾಗ ನಮ್ಮವ್ವ ಇರ್ಲಿಲ್ಲ ಅಮ್ಮಾ," ಎಂದಳು ಪಾತ್ರೆ ಉಜ್ಜುತ್ತಲೇ. "ಬಿಸಿನೀರು ಹುಯ್ಯೋರೂ ಇರ್ಲಿಲ್ಲ. ಇವ್ಳಿಗಾದ್ರೂ ನಾನಿದೀನಲ್ಲ ಅನ್ಕೊಂಡಿದ್ದೆ."

ಸತ್ಯಭಾಮಾ ಅಂದೇ ಹಟ ಹಿಡಿದರು. ತಮ್ಮ ಮನೆಯಲ್ಲೇ ಸಿಲಿಂಡರ್ ಇದ್ದಿದ್ದರೆ ಆಟೋದಲ್ಲಿ ಹಾಕಿ ಕಳಿಸುತ್ತಿದ್ದರೇನೋ. ಆದರೆ ಹಿಂದಿನ ವರ್ಷ ಬೀದಿಗೆ ಪೈಪ್ ಗ್ಯಾಸ್ ಬಂದಾಗ ಸಿಲಿಂಡರುಗಳನ್ನು ವಾಪಸು ಮಾಡಿಬಿಟ್ಟಿದ್ದರು. ಹಾಗಾಗಿ ಫೋರ್ತ್ ಬ್ಲಾಕಿಗೆ ಹೋಗಿ ಒಂದು ಕರೆಂಟಿನ ಒಲೆ ತಂದರು, ಅದಕ್ಕೆ ಹೊಂದುವ ತಳದ ಎರಡು ಪಾತ್ರೆಗಳನ್ನೂ ತಂದರು. ಮಂಗಮ್ಮ ಅದನ್ನು ಮಗುವಿನಂತೆ ಎದೆಗೊತ್ತಿಕೊಂಡು ಹೋದಳು. ಮಾರನೆಯ ದಿನ ಹಾಗೇ ವಾಪಸು ತಂದಳು. ಅನ್ನಕ್ಕೆ ಇಟ್ಟು ಐದು ನಿಮಿಷವಾಗಿರಲಿಲ್ಲವಂತೆ, ಇಡೀ ವಠಾರದ ಕರೆಂಟು ಹೋಯಿತಂತೆ. ಪಕ್ಕದ ಮನೆಯ ಟಿವಿಯಲ್ಲಿ ಧಾರಾವಾಹಿಯ ಮದುವೆಗೆ ತಾಳಿ ಕಟ್ಟುವ ಹೊತ್ತು. ಎಲ್ಲರೂ ಹೊರಗೆ ಬಂದು ಬೈದರಂತೆ.

ಬೈರಣ್ಣನವರನ್ನು ಕಾಣಲು ಸತ್ಯಭಾಮಾ ತಾವೇ ಸಾರಕ್ಕಿಗೆ ಹೋದರು. ಕೆರೆಯ ಕೆಳಗೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ಮನೆತನ. ಈಗ ಆರು ಶೀಟಿನ ಮನೆ, ಮುಂದೆ ಎರಡು ಅಂಗಡಿ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದವರಿಗೆ ಬೈರಣ್ಣ ಕುರ್ಚಿ ಹಾಕಿಸಿ ಮಜ್ಜಿಗೆ ತರಿಸಿಕೊಟ್ಟರು.

"ಆರು ಮನೆಗೂ ಒಂದೇ ಮೀಟ್ರು ಅಮ್ಮಾವ್ರೇ. ನಮ್ಮಪ್ಪ ಪಂಪ್‌ಸೆಟ್ಟಿಗೆ ಎಳ್ಸಿದ್ದ ವೈರು ಅದು. ಆ ಒಲೆ ಹಚ್ಚಿದ್ರೆ ಅನ್ನ ಬೇಯೋದಕ್ಕೆ ಮುಂಚೆ ವೈರು ಬೇಯ್ತದೆ," ಎಂದರು. ಬಿದಿರಿನ ಕಡ್ಡಿಯಿಂದ ಹಲ್ಲು ಕೆದಕುತ್ತಾ ಸ್ವಲ್ಪ ಯೋಚಿಸಿ, "ಗ್ಯಾಸೇ ಮಾಡ್ಸಿಬಿಡಿ. ಬಾಡಿಗೆ ಕಾಗ್ದ ಬರ್ಕೊಡ್ತೀನಿ. ಬೇರೆಯೋರಿಗೆ ಕೊಡಲ್ಲ, ಈ ವಮ್ಮ ಹತ್ತು ವರ್ಸದಿಂದ ಅವ್ಳೆ," ಎಂದರು.

ಬೇಡವೆನ್ನಬಹುದಾಗಿದ್ದ ಮನೆ ಮಾಲೀಕರೇ ಕಾಗದ ಬರೆದುಕೊಟ್ಟ ಮೇಲೆ ಇನ್ನೇನು ತೊಂದರೆ ಎಂದು ಸತ್ಯಭಾಮಾ ಅಂದುಕೊಂಡರು. ಗಣೇಶನ ಹಬ್ಬ ಕಳೆದ ವಾರ ಮಂಗಮ್ಮನನ್ನು ಕರೆದುಕೊಂಡು ಗ್ಯಾಸ್ ಏಜೆನ್ಸಿಗೆ ಹೋದರು. ಮಂಗಮ್ಮ ಹಬ್ಬಕ್ಕೆ ಅವರು ಕೊಟ್ಟಿದ್ದ ಹಸಿರು ಸೀರೆ ಉಟ್ಟು, ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕವರನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು.

ಕೌಂಟರಿನಲ್ಲಿದ್ದವರು ದೇವರಾಜ್ ಎಂಬ ನಡುವಯಸ್ಸಿನ ಮ್ಯಾನೇಜರು. ಮಂಗಮ್ಮ ನಿಂತೇ ಇದ್ದುದನ್ನು ಕಂಡು, ತಾವೇ ಎದ್ದು ಒಳಗಿನಿಂದ ಇನ್ನೊಂದು ಸ್ಟೂಲು ತಂದಿಟ್ಟರು. ಕಾಗದಗಳನ್ನೆಲ್ಲ ನೋಡಿ ಸರಿಯಿದೆ ಎಂದರು. ಆಧಾರ್ ನಂಬರು ಒತ್ತಿದರು. ಮತ್ತೊಮ್ಮೆ ಒತ್ತಿದರು.

"ಮೇಡಂ, ಇವ್ರ ಹೆಸರಲ್ಲಿ ಈಗಾಗ್ಲೇ ಒಂದು ಕನೆಕ್ಷನ್ ಇದೆ."

ಮಂಗಮ್ಮ ನಕ್ಕುಬಿಟ್ಟಳು. ತನ್ನ ಹೆಸರಿನಲ್ಲಿ ಫೋನಿನ ಸಿಮ್ಮೂ ಇಲ್ಲ, ಅದೂ ಮಗಳ ಹೆಸರಿನಲ್ಲಿದೆ, ಬೇರೆ ಯಾವ ಮಂಗಮ್ಮನೋ ನೋಡಿ ಸಾರ್ ಎಂದಳು. ಯಾವನೋ ಈ ಪಾಪದವಳ ಕಾರ್ಡು ದುರುಪಯೋಗ ಮಾಡಿಕೊಂಡಿದ್ದಾನೆ ಎಂದು ಸತ್ಯಭಾಮಾರಿಗೆ ಕೋಪ ಬಂತು. ವಿಳಾಸ ಹೇಳಿ, ನಾನೇ ಹೋಗಿ ವಿಚಾರಿಸುತ್ತೇನೆ ಎಂದರು. ಟೀಚರಾಗಿದ್ದಾಗಿನ ಧ್ವನಿ ಅದು. ಸಾಲಿನಲ್ಲಿ ನಿಂತಿದ್ದ ಇಬ್ಬರು ತಿರುಗಿ ನೋಡಿದರು.

ದೇವರಾಜ್ ವಿಳಾಸವನ್ನು ಓದಲಿಲ್ಲ. ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದರು.

ಸತ್ಯಭಾಮಾ ಕನ್ನಡಕ ಸರಿಮಾಡಿಕೊಂಡು ಓದಿದರು. ಮನೆ ನಂಬರು ಅವರದೇ. ಅಡ್ಡರಸ್ತೆ ಅವರದೇ. ಕೊನೆಯಲ್ಲಿ ಮೊದಲನೆಯ ಮಹಡಿ ಎಂದಿತ್ತು. ಕೆಳಗೆ ಹಳೆಯ ಅರ್ಜಿಯ ಪ್ರತಿ. ಅದರ ತುದಿಯಲ್ಲಿ ಒಂದು ರುಜು, ಅಕ್ಷರಗಳು ಒಂದಕ್ಕೊಂದು ತಾಕದೆ, ಗೆರೆಯಿಂದ ಕೆಳಗೆ ಜಾರುತ್ತಾ ಹೋಗಿದ್ದವು.

ಮಂಗಮ್ಮ ಮುಂದಕ್ಕೆ ಬಾಗಿ ನೋಡಿದಳು. ಅವಳ ಮುಖ ಅರಳಿತು.

"ಅಮ್ಮಾ, ಇದು ನೀವು ಕಲ್ಸಿದ್ದ ಸೈನು."

ಹೌದು, ಅವರೇ ಕಲಿಸಿದ್ದು. ಮಂಗಮ್ಮ ಕೆಲಸಕ್ಕೆ ಸೇರಿದ ಹೊಸದು. ಹೆಬ್ಬೆಟ್ಟು ಒತ್ತುತ್ತೇನೆಂದು ಅವಳು ಹೇಳಿದಾಗ ಸತ್ಯಭಾಮಾರಿಗೆ ಸಂಕಟವಾಗಿ, ಮೂರು ಸಂಜೆ ಜಗುಲಿಯ ಮೇಲೆ ಕೂರಿಸಿಕೊಂಡು, ಕೈ ಹಿಡಿದು ಅವಳ ಹೆಸರು ಬರೆಸಿದ್ದರು. ನಾಲ್ಕು ವರ್ಷದ ಶ್ವೇತ ಪಕ್ಕದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಆ ಸಮಯಕ್ಕೆ ಮಹಡಿಯ ಮೇಲೆ ಬಾಡಿಗೆಗೆಂದು ಮನೆ ಕಟ್ಟಿ ಮುಗಿದಿತ್ತು. ಗ್ಯಾಸ್ ಇದ್ದರೇ ಬಾಡಿಗೆದಾರರು ಬರುವುದು. ಒಂದು ಸಂಸಾರಕ್ಕೆ ಒಂದೇ ಕನೆಕ್ಷನ್. ಮೈದುನ ಕಿಟ್ಟಿ ಯಾರನ್ನೋ ಹಿಡಿದು ದಾರಿ ಹುಡುಕಿದ್ದ. ಬೇರೆ ಹೆಸರು, ಬೇರೆ ವೋಟರ್ ಕಾರ್ಡು ಬೇಕು. ಇಲ್ಲಿ ಬರಿ ಮಂಗಮ್ಮ ಎಂದು ಅವನು ತೋರಿಸಿದ್ದ, ಅವಳು ನಾಲಿಗೆ ಕಚ್ಚಿಕೊಂಡು ಬರೆದಿದ್ದಳು. ಯಜಮಾನರೂ ಸತ್ಯಭಾಮಾರೂ ಚಪ್ಪಾಳೆ ತಟ್ಟಿದ್ದರು. ಅದು ಯಾವ ಕಾಗದ ಎಂದು ಆಗ ಸತ್ಯಭಾಮಾರಿಗೆ ಗೊತ್ತಿತ್ತು. ಆಮೇಲೆ ಮರೆತುಹೋಯಿತು. ಆಧಾರ್ ಬಂದ ಕಾಲದಲ್ಲಿ ಆ ಕನೆಕ್ಷನ್ನಿಗೆ ಜೋಡಿಸಲು ಕಿಟ್ಟಿ ಅವಳ ಕಾರ್ಡಿನ ಜೆರಾಕ್ಸು ಕೇಳಿದ್ದ, ಅವಳು ಏಕೆಂದು ಕೇಳದೆ ಕೊಟ್ಟಿದ್ದಳು.

ದೇವರಾಜ್ ಪರದೆಯನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡು, ಸಾಲಿನಲ್ಲಿದ್ದವರಿಗೆ ಕೇಳದಷ್ಟು ಮೆಲ್ಲಗೆ ವಿವರಿಸಿದರು. ಎರಡು ಸಿಲಿಂಡರು, ಒಂದು ರೆಗ್ಯುಲೇಟರು ವಾಪಸು ಕೊಟ್ಟರೆ ಹಳೆಯದನ್ನು ರದ್ದು ಮಾಡಿ ಸಾರಕ್ಕಿ ವಿಳಾಸಕ್ಕೆ ಹೊಸದು ಕೊಡಬಹುದು. ಅವು ಮನೆಯಲ್ಲಿದ್ದರೆ ನಾಳೆಯೇ ತನ್ನಿ, ನಾನೇ ಮುಂದೆ ನಿಂತು ಮಾಡಿಸುತ್ತೇನೆ ಎಂದರು. ಕಾಗದ ಕೇಳದೆ ಮಾರುವ ಐದು ಕೆಜಿಯ ಸಿಲಿಂಡರನ್ನಾದರೂ ಕೊಡಿ ಎಂದು ಸತ್ಯಭಾಮಾ ಕೇಳಿದರೆ, ಎರಡು ತಿಂಗಳಿಂದ ಅದು ಬಂದೇ ಇಲ್ಲವೆಂದರು.

ಅಂದು ಮಧ್ಯಾಹ್ನ ಸತ್ಯಭಾಮಾ ಕಿಟ್ಟಿಯ ಕೋಣೆಗೆ ಹೋದರು. ಅವನು ಅದೇ ಮನೆಯ ಮುಂದಿನ ಕೋಣೆಯಲ್ಲಿ ಇರುತ್ತಿದ್ದ. ಅಣ್ಣ ತೀರಿಕೊಂಡ ಮೇಲೆ ಹೊರಗಿನ ಕೆಲಸವೆಲ್ಲ ಅವನದೇ. ಪದಬಂಧ ಬಿಡಿಸುತ್ತಿದ್ದವನು ಪೆನ್ನು ಕೆಳಗಿಟ್ಟ. ಸಿಲಿಂಡರ್ ಎಲ್ಲಿ ಎಂದರೆ ನೆನಪು ಮಾಡಿಕೊಂಡು ಹೇಳಿದ. ಕೊರೊನಾ ವರ್ಷದಲ್ಲಿ ಮಹಡಿಯಲ್ಲಿದ್ದ ಸಿದ್ದಾರೂಢ ಎಂಬವರು ರಾತ್ರೋರಾತ್ರಿ ಊರಿಗೆ ಹೊರಟಾಗ ಲಾರಿಗೆ ಸಾಮಾನಿನ ಜೊತೆ ಅವನ್ನೂ ಹಾಕಿಕೊಂಡು ಹೋಗಿರಬೇಕು. ಆಮೇಲೆ ಬಂದವರು ತಮ್ಮದೇ ತಂದಿದ್ದರು, ಈಗ ಅಲ್ಲೂ ಪೈಪು. ಯಾರೂ ಕೇಳಲೇ ಇಲ್ಲ. ಸಿದ್ದಾರೂಢರ ನಂಬರಿಗೆ ಫೋನು ಮಾಡಿದರೆ ಅದು ಬಳಕೆಯಲ್ಲಿಲ್ಲವೆಂದು ಒಬ್ಬಳು ಹೆಂಗಸು ಮೂರು ಭಾಷೆಯಲ್ಲಿ ಹೇಳಿದಳು.

"ಆಗ ಎಲ್ರೂ ಹಾಗೇ ಮಾಡ್ತಿದ್ರು ಅತ್ತಿಗೆ," ಎಂದ ಕಿಟ್ಟಿ. "ಕೆಲಸದವ್ರ ಹೆಸರು, ಡ್ರೈವರ್ ಹೆಸರು. ಯಾರಿಗೂ ತೊಂದ್ರೆ ಆಗ್ಲಿಲ್ವಲ್ಲ."

"ಈಗ ಆಯ್ತಲ್ಲ ಕಿಟ್ಟಿ."

ಅವನು ಕೆಟ್ಟವನಲ್ಲ, ಅತ್ತಿಗೆಗೆ ಕಾಲುನೋವೆಂದು ಪ್ರತಿದಿನ ಹಾಲು ತಾನೇ ತರುವವನು. ಮಾರನೆಯ ದಿನದಿಂದ ಹಳೆಯ ಸಿಲಿಂಡರು ಸಿಗುತ್ತದೇನೋ ಎಂದು ಬನಶಂಕರಿಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಬಂದ. ಸಿಕ್ಕರೂ ಕೊಡುವವರಿರಲಿಲ್ಲ, ಎಲ್ಲರಿಗೂ ಪೊಲೀಸರ ಭಯ.

ಉಳಿದದ್ದು ಎರಡು ದಾರಿ. ಸಿಲಿಂಡರುಗಳು ಕಳೆದುಹೋದವೆಂದು ಮಂಗಮ್ಮ ಪೊಲೀಸ್ ಠಾಣೆಯಲ್ಲಿ ಬರೆದುಕೊಡಬೇಕು; ತಾನು ಆ ಮಹಡಿ ಮನೆಯಲ್ಲಿ ವಾಸವಾಗಿದ್ದೆನೆಂದು ಪ್ರಮಾಣ ಮಾಡಬೇಕು. ಅವಳು ಮಾಡಲು ತಯಾರಿದ್ದಳು. ದಿನಾ ಅಲ್ಲೂ ನೆಲ ಒರೆಸ್ತಿದ್ನಲ್ಲ ಅಮ್ಮಾ, ಇದ್ದ ಹಾಗೇ ಅಲ್ವಾ ಎಂದಳು. ಇನ್ನೊಂದು ಸುಳ್ಳಿಗೆ ಅವಳ ಕೈಯಿಂದ ರುಜು ಹಾಕಿಸಲು ಸತ್ಯಭಾಮಾ ಒಪ್ಪಲಿಲ್ಲ. ಎರಡನೆಯದು, ನಡೆದದ್ದನ್ನು ನಡೆದ ಹಾಗೆ ಬರೆದುಕೊಡುವುದು. ಊಟದ ಮೇಜಿನ ಮುಂದೆ ಕೂತು ಎರಡು ಪುಟ ಬರೆದರು. ತಪ್ಪು ನಮ್ಮ ಮನೆಯವರದು, ಈಕೆಯದು ಏನೂ ಇಲ್ಲ ಎಂಬ ಸಾಲಿನ ಕೆಳಗೆ ಗೆರೆ ಎಳೆದರು. ಕಿಟ್ಟಿಯೂ ಕೆಳಗೆ ಸಹಿ ಮಾಡಿದ.

ದೇವರಾಜ್ ಆ ಕಾಗದವನ್ನು ಎರಡೂ ಕೈಯಿಂದ ತೆಗೆದುಕೊಂಡು ಪೂರ್ತಿ ಓದಿದರು. ಓದಿ ತಲೆ ತಗ್ಗಿಸಿದರು.

"ನೀವು ಬರ್ದಿರೋದು ಸರಿ ಮೇಡಂ. ಆದ್ರೆ ಇದು ಮೇಲಿನ ಆಫೀಸಿಗೆ ಹೋಗುತ್ತೆ. ಎನ್‌ಕ್ವೈರಿ ಮುಗಿಯೋವರ್ಗೂ ಇವ್ರ ನಂಬರಿಗೆ ಯಾರೂ ಕನೆಕ್ಷನ್ ಕೊಡೋ ಹಾಗಿಲ್ಲ."

"ಎಷ್ಟು ದಿನ ಆಗುತ್ತೆ?"

"ಮೂರು ತಿಂಗಳು ಅಂತಾರೆ. ಅಷ್ಟರಲ್ಲಿ ಆಗಿದ್ದನ್ನ ನಾನು ನೋಡಿಲ್ಲ."

ಬೇಡವೆಂದರೆ ಕಾಗದವನ್ನು ಈಗಲೇ ವಾಪಸು ತೆಗೆದುಕೊಳ್ಳಿ, ನಾನು ನೋಡಿಲ್ಲ ಎಂದುಕೊಳ್ಳುತ್ತೇನೆ ಎಂದರು ದೇವರಾಜ್. ತೆಗೆದುಕೊಂಡರೂ ಗ್ಯಾಸ್ ಬರುವುದಿಲ್ಲ, ಕೊಟ್ಟರೂ ಬರುವುದಿಲ್ಲ. ಸತ್ಯಭಾಮಾ ಮಂಗಮ್ಮನ ಕಡೆ ನೋಡಿದರು. ಅವಳು ಗೋಡೆಗೆ ಅಂಟಿಸಿದ್ದ ಚಿತ್ರ ನೋಡುತ್ತಾ ನಿಂತಿದ್ದಳು. ಅದರಲ್ಲಿ ನಗುಮುಖದ ಹೆಂಗಸೊಬ್ಬಳು ನೀಲಿ ಜ್ವಾಲೆಯ ಮೇಲೆ ರೊಟ್ಟಿ ಸುಡುತ್ತಿದ್ದಳು. ಕೊಟ್ಟುಬಿಡಿ ಅಮ್ಮಾ, ಬರ್ದಿದೀರಲ್ಲ ಎಂದಳು. ಕಾಗದದ ಮೇಲೆ ಮೊಹರು ಬಿತ್ತು.

ದಸರೆ ಬಂತು, ಹೋಯಿತು. ಮಂಗಮ್ಮ ಎಂದಿನ ಹಾಗೆ ಎಂಟಕ್ಕೆ ಬಂದು ಹತ್ತಕ್ಕೆ ಹೋಗುತ್ತಿದ್ದಳು. ಒಂದು ಮಾತು ಹೆಚ್ಚು ಕಡಿಮೆ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಸತ್ಯಭಾಮಾರಿಗೆ ಅನ್ನಿಸುತ್ತಿತ್ತು. ಅಡುಗೆಮನೆಯಲ್ಲಿ ಕಾಫಿಗೆ ನೀರಿಡುವಾಗ ಗುಂಡಿ ತಿರುಗಿಸಿದರೆ ಪಕ್ಕನೆ ನೀಲಿ ಉಂಗುರ ಹತ್ತಿಕೊಳ್ಳುವುದು. ಮಂಗಮ್ಮ ಹಿಂದೆ ಸಿಂಕಿನ ಹತ್ತಿರ ನಿಂತಿರುವಾಗ ಅದನ್ನು ಹಚ್ಚಲು ಕೈ ಹಿಂಜರಿಯುತ್ತಿತ್ತು. ಅವಳು ಹೋದ ಮೇಲೆ ಕಾಫಿ ಮಾಡಿಕೊಳ್ಳುವುದು ರೂಢಿಯಾಯಿತು. ಅದನ್ನೂ ಅವಳು ಗಮನಿಸಿದಳು ಎಂದು ಕಾಣುತ್ತದೆ. ಒಂದು ದಿನ ಬಂದವಳೇ, ಅಮ್ಮಾ, ಕಾಫಿ ಕುಡೀರಿ ಮೊದ್ಲು ಎಂದು ಲೋಟ ತೊಳೆದು ಕಟ್ಟೆಯ ಮೇಲಿಟ್ಟು, ತಾನು ಪೊರಕೆ ಹಿಡಿದು ಹಿತ್ತಿಲಿಗೆ ಹೋದಳು.

ದೀಪಾವಳಿಗೆ ಹತ್ತು ದಿನವಿರುವಾಗ ಸತ್ಯಭಾಮಾ ಹೇಳಿಯೇ ಬಿಟ್ಟರು. ಶ್ವೇತ ಇಲ್ಲಿಗೇ ಬರಲಿ. ಹಿಂದಿನ ಕೋಣೆ ಖಾಲಿಯಿದೆ. ನೀನೂ ಬಾ, ಇಬ್ಬರೂ ಇಲ್ಲೇ ಇರಿ, ಬಾಣಂತನ ಇಲ್ಲೇ ಮಾಡು. ಹೇಳಬೇಕೆಂದು ವಾರದಿಂದ ಮನಸ್ಸಿನಲ್ಲಿ ತಿರುವುತ್ತಿದ್ದ ಮಾತು. ವಾರ ಯಾಕೆ ಬೇಕಾಯಿತೆಂದು ತಮ್ಮನ್ನು ತಾವೇ ಕೇಳಿಕೊಳ್ಳಲು ಅವರಿಗೆ ಧೈರ್ಯವಿರಲಿಲ್ಲ.

ಮಂಗಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಳಿಗೆ ಆ ಮಾತಿನಿಂದ ಸಂತೋಷವಾಗಿತ್ತು, ಮುಖದಲ್ಲಿ ಕಾಣುತ್ತಿತ್ತು.

"ತವರು ಅಂದ್ರೆ ನನ್ನ ಮನೆಯಾಗ್ಬೇಕು ಅಮ್ಮಾ. ನಿಮ್ಮನೇಲಿ ಇರಿಸ್ಕೊಂಡ್ರೆ ಅದು ನಿಮ್ಮ ದೊಡ್ಡ ಗುಣ. ಅವ್ಳ ಅತ್ತೆ ಮನೆಯೋರಿಗೆ ನಾನೇನು ಮಾಡ್ದಂಗಾಯ್ತು?" ಎಂದಳು. ಆಮೇಲೆ, "ಎಳೆ ಕೂಸು ರಾತ್ರಿಯೆಲ್ಲ ಅಳುತ್ತೆ. ಕಿಟ್ಟಪ್ಪನವರಿಗೆ ನಿದ್ದೆ ಇರಲ್ಲ," ಎಂದು ನಕ್ಕಳು. ಮುಜುಗರವಾಗದ ಹಾಗೆ ಅವರ ಮಾತನ್ನು ಅವರಿಗೇ ವಾಪಸು ಕೊಟ್ಟಿದ್ದಳು.

ಬೀಗಿತ್ತಿ ನಾಗಲಕ್ಷ್ಮಮ್ಮನವರ ಮನೆ ಆನೇಕಲ್ಲಿನಲ್ಲಿ. ಅಲ್ಲಿ ಗ್ಯಾಸ್ ಇತ್ತು, ಬಚ್ಚಲಿಗೆ ಸೋಲಾರ್ ಇತ್ತು. ಬಾಣಂತನ ನಾವೇ ಮಾಡಿಕೊಳ್ಳುತ್ತೇವೆ, ಹುಡುಗಿಯ ಉಸಿರು ಮುಖ್ಯ ಎಂದು ಅವರು ಹೇಳಿ ಕಳಿಸಿದರು. ಹೆರಿಗೆಗೆ ಮುಂಚೆ ಒಂದು ಹೊತ್ತು ತವರಿನ ಊಟ ಮಾಡಿಕೊಂಡು ಹೋಗಲಿ ಎಂದು ಮಂಗಮ್ಮ ಕೇಳಿಕೊಂಡಿದ್ದಳು. ಅದಕ್ಕೆ ಒಪ್ಪಿದ್ದರು.

ಆ ಊಟದ ಹಿಂದಿನ ದಿನ ಬೈರಣ್ಣ ಒಂದು ಹೊರೆ ಒಣ ಸರ್ವೆ ಸೌದೆ ತಂದು ಮಂಗಮ್ಮನ ಬಾಗಿಲಲ್ಲಿ ಹಾಕಿ, ಬಣ್ಣದ್ದು ಉರಿಸ್ಬ್ಯಾಡ ಕಣಮ್ಮಿ ನಾಳೆ ಒಂದಿನ ಎಂದು ಹೋದರಂತೆ. ಮಂಗಮ್ಮ ಬೆಳಗಿನ ನಾಲ್ಕಕ್ಕೇ ಎದ್ದು ವಠಾರದ ಹಿಂದಿನ ಬಯಲಿನಲ್ಲಿ ಒಲೆ ಹೂಡಿ, ಅಡುಗೆಯೆಲ್ಲ ಮುಗಿಸಿ, ಕೆಂಡಕ್ಕೆ ನೀರು ಹಾಕಿ, ಮಣ್ಣು ಮುಚ್ಚಿ, ಹೊಗೆ ಪೂರಾ ಹೋದ ಮೇಲೆ ಮಗಳನ್ನು ಒಳಗೆ ಕರೆಸಿಕೊಂಡಳಂತೆ. ಶ್ವೇತ ಎರಡು ಗಂಟೆ ಇದ್ದಳು. ಮಡಿಲು ತುಂಬಿಸಿಕೊಂಡು, ಬಾಯಿ ತುಂಬ ಉಂಡು, ಹೊರಡುವಾಗ ತಾಯಿಯನ್ನು ತಬ್ಬಿಕೊಳ್ಳಲು ಬಂದರೆ, ಸೀರೆಯಲ್ಲಿ ಹೊಗೆಯಿದೆ, ಹತ್ತಿರ ಬರಬೇಡ ಎಂದು ಮಂಗಮ್ಮ ಹಿಂದೆ ಸರಿದಳಂತೆ. ನಾಗಲಕ್ಷ್ಮಮ್ಮ ಒಂದೂ ಕೊಂಕು ಮಾತಾಡಲಿಲ್ಲವಂತೆ.

ಇದನ್ನೆಲ್ಲ ಅವಳು ಅದೇ ದಿನ ಮಧ್ಯಾಹ್ನ ಕೆಲಸಕ್ಕೆ ಬಂದಾಗ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹೇಳಿದಳು. ರಜಾ ಹಾಕು ಎಂದಿದ್ದರೂ ಬಂದಿದ್ದಳು. ಮನೆಯಲ್ಲಿ ಕೂತು ಏನು ಮಾಡಲಿ ಎಂದಳು. ಸತ್ಯಭಾಮಾ ಅವಳ ಪಕ್ಕದ ಮೆಟ್ಟಿಲಿನ ಮೇಲೆ ಕೂತು ಕೇಳಿದರು. ಮೇಲಿನ ಆಫೀಸಿನಿಂದ ಏನಾದರೂ ಬಂತೇ ಎಂದು ಮಂಗಮ್ಮ ಕೇಳಲಿಲ್ಲ. ಬಂದಿಲ್ಲವೆಂದು ಅವರೂ ಹೇಳಲಿಲ್ಲ.

ಇಪ್ಪತ್ತೆರಡು ವರ್ಷಗಳಲ್ಲಿ ಮಂಗಮ್ಮ ಆ ಮನೆಗೆ ಎಷ್ಟೋ ತಂದಿದ್ದಳು. ಸಂಕ್ರಾಂತಿಗೆ ಅವರೆಕಾಯಿ, ಆಷಾಢದಲ್ಲಿ ನುಗ್ಗೆಸೊಪ್ಪು, ಪೂಜೆಗೆ ಕಣಗಿಲೆ. ಬೇಯಿಸಿದ ಒಂದು ತುತ್ತನ್ನೂ ತಂದಿರಲಿಲ್ಲ. ತರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ತಾ ಎಂದೂ ಹೇಳಿದ್ದಿಲ್ಲ.

ಪಾತ್ರೆ ತೊಳೆದು, ನೆಲ ಒರೆಸಿ ಮುಗಿಸಿದ ಮೇಲೆ ಮಂಗಮ್ಮ ಹಿತ್ತಿಲಿಗೆ ಹೋಗಿ, ತುಳಸಿಕಟ್ಟೆಯ ಮರೆಯಲ್ಲಿಟ್ಟಿದ್ದ ಬಟ್ಟೆಯ ಚೀಲದಿಂದ ಸ್ಟೀಲಿನ ಒಂದು ಡಬ್ಬಿ ತೆಗೆದಳು. ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು. ಡಬ್ಬಿಯ ಹೊರಮೈಯನ್ನೂ ಒರೆಸಿದಳು. ಬಾಗಿಲ ಹೊಸ್ತಿಲಿನವರೆಗೆ ಬಂದು ನಿಂತಳು.

ಸತ್ಯಭಾಮಾ ಒಳಗಿನಿಂದ ಎದ್ದು ಬಂದರು. ಡಬ್ಬಿಯ ಮುಚ್ಚಳದ ಸಂದಿನಿಂದ ಹುಳಿಯನ್ನದ ವಾಸನೆ ಬರುತ್ತಿತ್ತು, ಅದರ ಹಿಂದೆ ತೆಳ್ಳಗೆ ಸೌದೆಯ ಹೊಗೆ. ಮಂಗಮ್ಮ ಹೊಸ್ತಿಲಿನ ಆಚೆಯಿಂದಲೇ ಕೈ ಮುಂದೆ ಚಾಚಿ, ಅವರು ಒಡ್ಡಿದ ಎರಡು ಕೈಗಳ ನಡುವೆ ಡಬ್ಬಿಯನ್ನು ಇಟ್ಟಳು.